ಸಾಬೀತಾಗದ ತಾಮ್ರದ ಬಣ್ಣ

ನನಗೆ ಹಾವು ಕಂಡರೆ ಆಗುವುದಿಲ್ಲ. ಆದರೂ ನನ್ನ ಹೊಟ್ಟೆ ತುಂಬುವುದು ಹಾವುಗಳ ಹೊಟ್ಟೆ ತುಂಬಿಸಿಯೇ. ಮನೆ ಹಿಂದಿನ ಶೆಡ್ಡಿನಲ್ಲಿ ಇಲಿ ಸಾಕುತ್ತೇನೆ; ಒಕ್ಲಾಹೋಮಾದ ನಮ್ಮ ಕಡೆ ಬೋವಾ ಎಂಬ, ಮೊಟ್ಟೆಯಿಡದೆ ಮರಿಯನ್ನೇ ಹಾಕುವ ಹೆಬ್ಬಾವಿನಂಥ ಹಾವು ಸಾಕುವವರಿಗೆಲ್ಲ ಇಲಿ ಕೊಡುವವನು ನಾನೇ. ಬೇಲಿಯಾಚೆಯ ವರ್ನಾ ಟ್ಯಾಕೆಟ್ ಅವರಲ್ಲೊಬ್ಬಳು. ಬೆಳಿಗ್ಗೆ, ಸಂಜೆ ಶಾಲೆಯ ಬಸ್ಸು ಓಡಿಸುತ್ತಾಳೆ, ಉಳಿದ ಹೊತ್ತೆಲ್ಲ ಹಿಂದಿನ ಕೋಣೆಯ ಹಾವುಗಳ ಜೊತೆ.

ಅವಳ ಗಂಡ ಹಾಲಿಸ್ ಎದೆನೋವೆಂದು ಮಲಗಿದವನು ಏಳಲೇ ಇಲ್ಲ. ಅದೇ ಬೇಸಿಗೆಯಲ್ಲಿ ವರ್ನಾಳ ಒಂದು ಸಾಧಾರಣ ಬೋವಾ ಮರಿ ಹಾಕಿತು. ಅರ್ಧಕ್ಕರ್ಧ ಸತ್ತೇ ಹುಟ್ಟಿದವು. ಚೊಚ್ಚಲು, ಹಾಗಾಗುತ್ತದೆ ಎಂದಳು. ಬದುಕಿದವುಗಳಲ್ಲಿ ಒಂದು ಹೆಣ್ಣುಮರಿ ಮಾತ್ರ ಬೇರೆ. ಉಳಿದವಕ್ಕೆ ಬೆನ್ನ ಮೇಲೆ ಕಂದು ಪಟ್ಟೆಗಳಿದ್ದರೆ, ಇದಕ್ಕೆ ಕತ್ತಿನಿಂದ ಬಾಲದವರೆಗೆ ಒಂದೇ ಉದ್ದನೆಯ ಗೆರೆ. ಮೈಯೋ, ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಚೊಂಬು. ಹಾವು ಕಂಡರಾಗದ ನಾನೂ ಬಗ್ಗಿ ನೋಡಿದೆ.

ಈ ಹಾವಿನವರಲ್ಲಿ ಒಂದು ಕಟ್ಟುಪಾಡಿದೆ. ಹೊಸ ಬಣ್ಣ ಹುಟ್ಟಿದ ಮಾತ್ರಕ್ಕೆ ಅದಕ್ಕೆ ಹೆಸರಿಡುವಂತಿಲ್ಲ. ಆ ಬಣ್ಣ ರಕ್ತದಲ್ಲಿದೆಯೋ, ಸುಮ್ಮನೆ ಒಂದು ಸಲ ಬಂದು ಹೋಗಿದ್ದೋ ಎಂದು ಮೊದಲು ನೋಡಬೇಕು. ಆ ಹಾವಿಗೆ ಸಾಧಾರಣ ಗಂಡನ್ನು ಕೂಡಿಸಿ ಮರಿ ಪಡೆಯಬೇಕು. ಬಣ್ಣ ಆ ಮರಿಗಳ ಒಳಗೆ ಅವಿತು ಕೂತಿರಬಹುದು. ಅದಕ್ಕೇ ಒಂದು ಗಂಡುಮರಿಯನ್ನು ಬೆಳೆಸಿ ಮತ್ತೆ ತಾಯಿಗೇ ಕೂಡಿಸಬೇಕು. ಆಗ ಬಣ್ಣ ಮರಳಿ ಬಂದರೆ ಸಾಬೀತಾಯಿತು. ಸಾಬೀತು ಮಾಡಿದವರೇ ಅದಕ್ಕೆ ಹೆಸರಿಡಬೇಕು. ಆಮೇಲೆ ದೇಶವೆಲ್ಲ ಆ ಹೆಸರಿಂದಲೇ ಕರೆಯುತ್ತದೆ.

"ಸಾಬೀತಾದ್ರೆ ಇದರ ಹೆಸರು ಹಾಲಿಸ್," ಎಂದಳು ವರ್ನಾ. "ಗೊತ್ತಿಲ್ಲದ ಊರಲ್ಲಿ ಗೊತ್ತಿಲ್ದೋರೆಲ್ಲ ನನ್ನ ಗಂಡನ ಹೆಸರು ಹೇಳ್ಬೇಕು ಕಣೋ, ಕ್ಲೀಟಸ್."

"ಹಾವು ಕಂಡ್ರೆ ಕುರ್ಚಿ ಹತ್ತಿ ನಿಲ್ತಿದ್ದೋನು ಅವನು. ಅವನ ಹೆಸರು ಹಾವಿಗಾ?"

"ಅದಕ್ಕೇ ಇಡೋದು. ಮೇಲಿಂದ ಇಳಿದು ಬಂದು ಜಗಳ ಆಡ್ಲಿ."

ತುಲ್ಸಾದ ಹಾವಿನ ಸಂತೆಯಲ್ಲಿ ಪಕ್ಕದ ಮೇಜಿನಲ್ಲಿ ಹಾವು ಮಾರುವ ಬಕ್ ಡಾಸೆಟ್ ಅವಳ ಜೀವ ತಿನ್ನುತ್ತಿದ್ದ. "ಒಂದು ಹೆಸರು ಅಂಟಿಸಿ ಮಾರೋಕೆ ಶುರು ಮಾಡು ವರ್ನಾ. ಸಾಬೀತು ಗೀಬೀತು ಅಂತ ಕೂತ್ರೆ ಮುದುಕಿ ಆಗ್ತೀಯ."

"ಆಗ್ಲೇ ಆಗಿದೀನಿ. ನಿನ್ನ ಕೆಲಸ ನೋಡ್ಕೋ."

ತಾಮ್ರದ ಹಾವು ಬೆಳೆದು ಹಾಕಿದ ಮೊದಲ ಮರಿಗಳೆಲ್ಲ ಸಾಧಾರಣ. ಅದು ಅವಳು ಎಣಿಸಿದ್ದೇ. ಒಂದು ಗಂಡನ್ನು ಉಳಿಸಿಕೊಂಡಳು. ಅದು ಪ್ರಾಯಕ್ಕೆ ಬರಲಿ ಎಂದು ವರ್ಷಗಟ್ಟಲೆ ಕಾದಳು, ನಾನು ಇಲಿ ಹೊತ್ತೆ. ಕೊನೆಗೆ ತಾಯಿಗೆ ಮಗನನ್ನು ಕೂಡಿಸಿದಾಗ ಹುಟ್ಟಿದ್ದೆಲ್ಲ ಸಾಧಾರಣವೇ. ಇನ್ನೊಮ್ಮೆ ನೋಡುತ್ತೇನೆ ಎಂದಳು. ಮತ್ತೊಂದು ಚಳಿಗಾಲ, ಮತ್ತೊಂದು ಬೇಸಿಗೆ. ಈ ಹೊತ್ತಿಗೆ ನನಗೂ ಕುತೂಹಲ ತಡೆಯಲಾಗುತ್ತಿರಲಿಲ್ಲ. ಇಲಿ ಬೇಡದ ದಿನವೂ ಹೋಗಿ ಇಣುಕುತ್ತಿದ್ದೆ.

ಎರಡನೆಯ ಸಲ ಮರಿ ಹಾಕಿದ ದಿನ ಜೋಳದ ರೊಟ್ಟಿ ಕಟ್ಟಿಕೊಂಡು ಹೋದೆ. ವರ್ನಾ ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದಳು. ಮುಖ ನೋಡಿದರೇ ತಿಳಿಯಿತು.

"ಒಂದೂ ಇಲ್ಲ," ಎಂದಳು. "ಒಂದೇ ಒಂದೂ ಇಲ್ಲ ಕಣೋ."

ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಬಾಯಿಗೆ ಬಂದದ್ದು ಹೇಳಿದೆ. "ಪಾಪ, ಹಾಲಿಸ್ ಅವತ್ತು ಪಟ್ಟ ಪಾಡಿಗಾದ್ರೂ ಒಂದು ಬರಬೇಕಿತ್ತು."

"ಯಾವ ಪಾಡು?"

"ಅವನು ಹೋಗೋ ಮುಂಚಿನ ಚಳಿಗಾಲ ಮಂಜುಗಡ್ಡೆ ಮಳೆ ಬಂದು ಕರೆಂಟ್ ಹೋಗಿತ್ತಲ್ಲ, ನೀನು ತಂಗಿ ಊರಲ್ಲಿ ಸಿಕ್ಕಾಕ್ಕೊಂಡಿದ್ದಾಗ. ಈ ತಾಮ್ರದ್ದರ ತಾಯಿ, ಆ ಬಸುರಿ ಹಾವು ತಣ್ಣಗಾಗಿ ಅಲ್ಲಾಡದೆ ಬಿದ್ದಿತ್ತಂತೆ. ಆಮೇಲೆ ಅವನು ನೋಡ್ಕೊಂಡು ಅದನ್ನ ಅಂಗಿ ಒಳಗೆ ಎದೆಗೆ ಕಟ್ಕೊಂಡ. ಕರೆಂಟ್ ಬರೋವರೆಗೂ ಬಿಚ್ಚಲಿಲ್ಲ. ಗಡಗಡ ನಡುಗ್ತಿದ್ದ ಮಾರಾಯ್ತಿ, ಚಳಿಗಲ್ಲ, ಹೆದರಿಕೆಗೆ. ವರ್ನಾಗೆ ಹೇಳ್ಬೇಡ, ಬಯ್ತಾಳೆ ಅಂದಿದ್ದ. ನಿನಗೆ ಆಮೇಲಾದ್ರೂ ಹೇಳಿರ್ತಾನೆ ಅಂದ್ಕೊಂಡೆ."

ಬಸುರಿ ಹಾವಿಗೆ ಥಂಡಿ ಹಿಡಿದರೆ ಒಳಗಿನ ಮರಿಗಳ ಬಣ್ಣ, ಪಟ್ಟೆ ಕಲಸಿಹೋಗುತ್ತವೆ, ಮರಿಗಳು ಸಾಯುತ್ತವೆ ಎಂದು ಹಾವು ಸಾಕುವವರು ಹೇಳುವುದನ್ನು ಕೇಳಿದ್ದೆ. ಆ ಮಾತನ್ನೂ ಮಂಜುಗಡ್ಡೆ ಮಳೆಯನ್ನೂ ಕೂಡಿಸಿ ನೋಡುವ ಬುದ್ಧಿ ನನಗಿರಲಿಲ್ಲ. ವರ್ನಾಳಿಗಿತ್ತು.

"ಹಾಗಾದ್ರೆ ಇದು ರಕ್ತದ್ದಲ್ಲ," ಎಂದಳು. "ಚಳೀಲಿ ಬಂದಿದ್ದು. ಅವನು ಎದೆಗೆ ಕಟ್ಕೊಳ್ಳದೆ ಹೋಗಿದ್ರೆ ಇದೂ ಉಳೀತಿರಲಿಲ್ಲ." ಆಮೇಲೆ ನಗತೊಡಗಿದಳು. ನಗುತ್ತ ನಗುತ್ತ ಅತ್ತುಬಿಟ್ಟಳು. "ಕುರ್ಚಿ ಹತ್ತೋ ಮನುಷ್ಯ!"

ಮುಂದಿನ ಸಂತೆಗೆ ತಾಮ್ರದ ಹಾವನ್ನು ತಂದಳು. ಬಕ್ ಡಾಸೆಟ್ ಮೇಜಿನ ಮೇಲೆ ಬಗ್ಗಿದ.

"ಏನಾಯ್ತು, ಸಾಬೀತಾಯ್ತಾ?"

"ಇಲ್ಲ. ಹೆಸರಿಡೋ ಹಾಗಿಲ್ಲ."

"ಮತ್ಯಾಕೆ ಹೊತ್ಕೊಂಡು ಬಂದೆ?"

"ನೋಡ್ಲಿ ಅಂತ," ಎಂದಳು ವರ್ನಾ. "ನನ್ನ ಗಂಡ ಮಾಡಿದ್ದು. ಇನ್ನೊಂದು ಬರಲ್ಲ."