ಕಾಲುವೆಯ ಹುಂಡುಕೋಳಿ ಮತ್ತು ನನ್ನ ಬಂಗಾಳಿ

ಕೋಲ್ಕತ್ತದ ಕಸ್ಬಾ ಬಡಾವಣೆಯಲ್ಲಿ ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಹಿಂದೆ ಒಂದು ಖಾಲ್ ಹರಿಯುತ್ತಿತ್ತು. ಖಾಲ್ ಅಂದರೆ ಕಾಲುವೆ. ಹರಿಯುತ್ತಿತ್ತು ಅನ್ನುವುದು ನನ್ನ ಔದಾರ್ಯ. ಅಂತರಗಂಗೆ ಹಬ್ಬಿ, ಪ್ಲಾಸ್ಟಿಕ್ ಚೀಲಗಳು ಸಿಕ್ಕಿಕೊಂಡು, ನೀರು ನಿಂತಲ್ಲೇ ನಿಂತು ಕಪ್ಪಾಗಿತ್ತು. ಆ ವರ್ಷಗಳಲ್ಲಿ ಕೋಲ್ಕತ್ತಕ್ಕೆ ಐಟಿ ಬಂತು ಬಂತು ಎಂದು ಎಲ್ಲರೂ ಕುಣಿಯುತ್ತಿದ್ದರು. ನಮ್ಮ ಪಾಲಿಗೆ ಬಂದದ್ದು ಖಾಲಿನ ಆಚೆ ದಡದ ಗಾಜಿನ ಕಟ್ಟಡಗಳು, ಅವುಗಳ ಸಿಮೆಂಟಿನ ಧೂಳು.

ಅಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಲುಂಗಿ ಎತ್ತಿ ಕಟ್ಟಿ, ಉದ್ದನೆಯ ಬಿದಿರಿನ ಕೊಕ್ಕೆಯಿಂದ ಅಂತರಗಂಗೆ ಎಳೆಯುತ್ತಿದ್ದ ಒಬ್ಬ ಮುದುಕರಿದ್ದರು. ನಿವೃತ್ತ ಶಾಲಾ ಮೇಷ್ಟ್ರು. ಪಾಡಾದವರೆಲ್ಲ, ಅಂದರೆ ಓಣಿಯವರೆಲ್ಲ, ಅವರನ್ನು ಮಾಸ್ಟರ್‌ಮೊಶಾಯ್ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಮೊದಲು ಕಿಟಕಿಯಿಂದ ನೋಡಿದೆ, ಆಮೇಲೆ ದಡದಲ್ಲಿ ನಿಂತು ನೋಡಿದೆ, ಮೂರನೆಯ ವಾರ ಅವರು ಏನೂ ಕೇಳದೆ ಇನ್ನೊಂದು ಕೊಕ್ಕೆಯನ್ನು ನನ್ನ ಕೈಗಿತ್ತರು. ಕೆಲಸ ಮುಗಿದ ಮೇಲೆ ಅವರ ಹಳೆಯ ದುರ್ಬೀನು ಹಿಡಿದು ಇಬ್ಬರೂ ಹಕ್ಕಿ ನೋಡುತ್ತಾ ಕೂರುತ್ತಿದ್ದೆವು. ಮಿಂಚುಳ್ಳಿ, ನೀರುಕಾಗೆ, ಕೊಳದ ಬಕ. ಮಣ್ಣಿನ ಕುಡಿಕೆಯಲ್ಲಿ ಚಹಾ. ನನಗೆ ಅಷ್ಟು ಸುಖದ ಬೆಳಗುಗಳು ಬೇರೆ ಎಲ್ಲೂ ಸಿಕ್ಕಿಲ್ಲ.

ಅವರ ಕಣ್ಣೆಲ್ಲ ಒಂದು ಹಕ್ಕಿಯ ಮೇಲೆ. ಬಂಗಾಳಿಯಲ್ಲಿ ಡಾಹುಕ್, ನಮ್ಮಲ್ಲಿ ಹುಂಡುಕೋಳಿ: ಬಿಳಿ ಮುಖ, ಬಿಳಿ ಎದೆ, ಕಪ್ಪು ಬೆನ್ನು, ನಾಚಿಕೆ ಸ್ವಭಾವ. ಕಟ್ಟಡಗಳು ಎದ್ದಮೇಲೆ ಅದು ಈ ಖಾಲಿನಲ್ಲಿ ಮರಿ ಮಾಡುವುದನ್ನೇ ಬಿಟ್ಟಿತ್ತು. ಅವರು ಕೊಕ್ಕೆ ಹಿಡಿದದ್ದೇ ಅದಕ್ಕಾಗಿ. ಅದು ಒಂದು ಸಲ ಇಲ್ಲಿ ಮೊಟ್ಟೆಯೊಡೆದು ಮರಿ ಮಾಡಿದ್ದನ್ನು ನೋಡಿಬಿಟ್ಟರೆ ಸಾಕು, ಆಮೇಲೆ ಕಣ್ಣು ಹೋದರೂ ಚಿಂತೆಯಿಲ್ಲ ಎನ್ನುತ್ತಿದ್ದರು. ಕಣ್ಣಿಗೆ ಆಗಲೇ ಪೊರೆ ಬಂದಿತ್ತು.

ಈಗ ನನ್ನ ಬಂಗಾಳಿಯ ವಿಷಯ ಹೇಳಬೇಕು. ಆಫೀಸಿನಲ್ಲಿ ಹಿಂದಿ, ಇಂಗ್ಲಿಷು; ಮನೆಯಲ್ಲಿ ಧಾರವಾಡದ ಕನ್ನಡ. ಬಂಗಾಳಿಯನ್ನು ನಮ್ಮ ಮನೆಗೆಲಸದಾಕೆಯಿಂದ, ಮೀನಿನವನಿಂದ ಕಿವಿಯಲ್ಲೇ ಹೆಕ್ಕಿಕೊಂಡಿದ್ದೆ. ನಮ್ಮ 'ವ' ಇವರಲ್ಲಿ 'ಬ' ಆಗುತ್ತದೆ ಎಂದು ಕಂಡುಕೊಂಡ ದಿನದಿಂದ ನನ್ನನ್ನು ಹಿಡಿಯುವವರಿರಲಿಲ್ಲ. ವನ ಅಂದರೆ ಬೋನ್, ವಿಷ ಅಂದರೆ ಬಿಷ್. ಕೆಲಸದಾಕೆ ಸಂಜೆ "ಬಾಸಾಯ್ ಜಾಬೋ" ಎಂದು ಹೊರಟಾಗ, ಬಾಸಾ ಅಂದರೆ ವಾಸ, ವಾಸದ ಮನೆ ಎಂದು ಯಾರ ಸಹಾಯವಿಲ್ಲದೆ ಬಿಡಿಸಿದ್ದೆ. ತಿಳಿಯದ ಮಾತು ಬಂದರೂ ತಲೆಯಾಡಿಸಿ "ಬುಝೇಛಿ", ತಿಳಿಯಿತು, ಎಂದುಬಿಡುವುದು ನನ್ನ ಚಾಳಿ.

ನನ್ನ ಯಜಮಾನರು ರೈಲ್ವೆಯವರು, ನಿಧಾನದ ಮನುಷ್ಯ. "ತಿಳೀಲಿಲ್ಲಂದ್ರ ತಿಳೀಲಿಲ್ಲ ಅನಬೇಕ ನೋಡು. ಅದರಾಗ ಏನ್ ಹೋಗತದ?" ಎನ್ನುತ್ತಿದ್ದರು.

"ನಿಮಗ ಹಿಂದೀನ ಸರಿ ಬರೂದಿಲ್ಲ, ಸುಮ್ನ ಕೂಡ್ರಿ," ಎಂದು ನಾನು ಅವರ ಬಾಯಿ ಮುಚ್ಚಿಸುತ್ತಿದ್ದೆ.

ಒಂದು ಜೂನ್ ತಿಂಗಳು ಮಾಸ್ಟರ್‌ಮೊಶಾಯ್ ಕಣ್ಣಿನ ಆಪರೇಷನ್ನಿಗೆ ಹೊರಟರು. ಎರಡು ವಾರ ಖಾಲಿನ ಉಸ್ತುವಾರಿ ನನ್ನದು. ಹೊರಡುವ ಹಿಂದಿನ ಸಂಜೆ ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಹೇಳಿದರು: "ಹೋಗ್ಲಾರ್ ಭೇತೊರ್ ಬಾಸಾ ಆಛೇ. ಏಕ್ಟು ದೇಖೇ ರಾಖ್ಬೇನ್." ಹೋಗ್ಲಾ ಅಂದರೆ ಜೊಂಡು ಹುಲ್ಲು. ಜೊಂಡಿನೊಳಗೆ ವಾಸದ ಮನೆಯಿದೆ, ಸ್ವಲ್ಪ ನೋಡಿಕೊಳ್ಳಿ. ನಾನು ತಕ್ಷಣ ಬುಝೇಛಿ ಎಂದೆ. ಏಕೆಂದರೆ ಖಾಲಿನ ದಡದಲ್ಲಿ, ಜೊಂಡಿನ ಚಾಪೆಯನ್ನೇ ಗೋಡೆಯಾಗಿ ಕಟ್ಟಿಕೊಂಡ ಒಂದು ಗುಡಿಸಲಿತ್ತು. ಅದರಲ್ಲಿ ಗಂಡ, ಹೆಂಡತಿ, ಒಂದು ಹೆಣ್ಣುಮಗು. ಯಾರಾದರೂ ಬಂದು ಅವರನ್ನು ಒಕ್ಕಲೆಬ್ಬಿಸಿಯಾರು ಎಂದೇ ಮೇಷ್ಟ್ರು ದನಿ ತಗ್ಗಿಸಿದ್ದಾರೆ ಎಂದುಕೊಂಡೆ. ಅವರ ದೊಡ್ಡ ಮನಸ್ಸಿಗೆ ನನ್ನ ಕಣ್ಣು ಒದ್ದೆಯಾಯಿತು.

ಎರಡನೆಯ ಭಾನುವಾರ ಸೆಕ್ಟರ್ ಫೈವ್‌ನ ಒಂದು ಐಟಿ ಕಂಪನಿಯಿಂದ ಬಸ್ಸಿನಲ್ಲಿ ಮೂವತ್ತು ಹುಡುಗ ಹುಡುಗಿಯರು ಬಂದಿಳಿದರು. ಎಲ್ಲರಿಗೂ ಒಂದೇ ಹಳದಿ ಟೀ ಶರ್ಟು, ಹೊಸ ಗ್ಲೌಸು, ಕತ್ತಿ, ಒಂದು ಬ್ಯಾನರು. ಮಳೆ ಜೋರಾಗುವ ಮುಂಚೆ ನೀರಿಗೆ ದಾರಿ ಬಿಡಿಸಬೇಕು ಅಂತ ಅವರ ಉತ್ಸಾಹ. ಅವರ ಮುಂದಾಳು ಗುಂಗುರು ಕೂದಲಿನ ಒಬ್ಬ ಹುಡುಗಿ; ಏನು ಮಾಡುವ ಮುಂಚೆಯೂ ಕೇಳಿ ಮಾಡುವವಳು. ನಾನು ಸೆರಗು ಸಿಕ್ಕಿಸಿ ಸೇನಾಪತಿಯ ಹಾಗೆ ನಿಂತೆ. ಗುಡಿಸಲಿನ ಸುತ್ತ ಹತ್ತು ಅಡಿ ಯಾರೂ ಕಾಲಿಡಕೂಡದು, ಒಂದು ಚಾಪೆಯೂ ಅಲುಗಕೂಡದು ಎಂದೆ. ಹುಡುಗಿ ನೀರಂಚಿನಲ್ಲಿ ಬೆಳೆದ ಜೊಂಡಿನ ಕಡೆ ಕೈ ಮಾಡಿ, "ಮ್ಯಾಡಮ್, ಇದನ್ನ ಕತ್ತರಿಸಬಹುದಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಧಾರಾಳವಾಗಿ ಎಂದೆ. ಮಧ್ಯಾಹ್ನದ ಹೊತ್ತಿಗೆ ಖಾಲ್ ಕ್ಷೌರ ಮಾಡಿಸಿಕೊಂಡ ಮುಖದ ಹಾಗೆ ಹೊಳೆಯುತ್ತಿತ್ತು. ಫೋಟೋದಲ್ಲಿ ನನ್ನನ್ನು ನಡುವೆ ನಿಲ್ಲಿಸಿದರು.

ಮಾಸ್ಟರ್‌ಮೊಶಾಯ್ ಕಪ್ಪು ಕನ್ನಡಕ ಹಾಕಿಕೊಂಡು ಮರಳಿದರು. ಮನೆಗೂ ಹೋಗದೆ ನೇರ ನಮ್ಮ ಬಾಗಿಲಿಗೆ ಬಂದು, "ಬಾಸಾ ಕೇಮೊನ್ ಆಛೇ?" ಎಂದರು. ಮನೆ ಹೇಗಿದೆ?

"ತುಂಬಾ ಚೆನ್ನಾಗಿದೆ. ಮಗು ಸ್ಕೂಲಿಗೂ ಹೋಗ್ತಿದೆ," ಎಂದು ನನ್ನ ಬಂಗಾಳಿಯಲ್ಲಿ ಬೀಗಿದೆ.

ಅವರು ಬಾಗಿಲಿಗೆ ಒರಗಿ ನಕ್ಕರು. ಅಷ್ಟು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಮೊಟ್ಟೆ ಒಡೆದು ಮರಿಯಾಗಿದೆ, ಅದಕ್ಕೇ ಈಕೆ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡಿದ್ದರು ಪಾಪ. ನಗುತ್ತಲೇ ನನ್ನನ್ನು ಖಾಲಿಗೆ ಕರೆದೊಯ್ದರು. ಗುಡಿಸಲನ್ನು ದಾಟಿ ನಡೆದರು. ಜೊಂಡಿದ್ದ ಜಾಗದಲ್ಲಿ ನಿಂತು ಕನ್ನಡಕ ತೆಗೆದು ಹೊಸ ಕಣ್ಣಿನಿಂದ ನೋಡಿದರು. ಮೊಣಕಾಲುದ್ದದ ಕೂಳೆ ಇತ್ತು. ದಡದ ಮೇಲೆ ಒಣಗಿದ ರಾಶಿಯನ್ನು ಕೊಕ್ಕೆಯಿಂದ ಬಿಡಿಸಿದರು. ಹುಲ್ಲಿನ ಒಂದು ಬಟ್ಟಲು ಚಪ್ಪಟೆಯಾಗಿ ಅಂಟಿಕೊಂಡಿತ್ತು, ಅದರಲ್ಲಿ ಕೆಂಪು ಚುಕ್ಕಿಯ ಮೊಟ್ಟೆ ಚಿಪ್ಪು, ಇರುವೆ. "ಬಾಸಾ," ಎಂದರು ಮೆಲ್ಲಗೆ. ಗೂಡಿಗೂ ಬಾಸಾ ಎನ್ನುತ್ತಾರೆ ಎಂದು ನನಗೆ ತಿಳಿದದ್ದು ಆಗ. ಹಕ್ಕಿ ಎಂದು ಅವರೇಕೆ ಬಿಡಿಸಿ ಹೇಳಬೇಕಿತ್ತು? ನಾವಿಬ್ಬರೂ ಅಲ್ಲಿಗೆ ಬರುತ್ತಿದ್ದದ್ದೇ ಹಕ್ಕಿಗಾಗಿ.

"ಹೇಗಾಯಿತು?" ಎಂದು ಕೇಳಿದರು. ಆ ಗಳಿಗೆಯಲ್ಲಿ, ನನಗೆ ತಿಳಿಯಲಿಲ್ಲ ಮೇಷ್ಟ್ರೇ, ಎನ್ನಬೇಕಿತ್ತು. "ಜೊಂಡು ಮುಟ್ಟಬೇಡಿ ಅಂತ ನಾನು ಹೇಳಿದ್ದೆ. ಆ ಕಂಪನಿಯ ಹುಡುಗರು ನಾನು ಆಚೆ ಇದ್ದಾಗ ಕತ್ತರಿಸಿಬಿಟ್ಟಿದ್ದಾರೆ. ನಾನು ಈ ಕಡೆ ನೋಡಿರಲೇ ಇಲ್ಲ," ಎಂದೆ. ಅದನ್ನು ಮಾತ್ರ ಒಂದು ತಪ್ಪೂ ಇಲ್ಲದ ಬಂಗಾಳಿಯಲ್ಲಿ ಹೇಳಿದೆ.

ಮನೆಗೆ ಬಂದು ಯಜಮಾನರ ಹತ್ತಿರ ಎಲ್ಲವನ್ನೂ ಹೇಳಿಕೊಂಡು ಅತ್ತೆ. "ಜಟ್ಟಿ ಬಿದ್ರೂ ಮೀಸಿ ಮಣ್ಣಾಗಲಿಲ್ಲ ಅಂದಂಗಾತು ನಿಂದು," ಎಂದರು. "ಹೋಗು, ಈಗಿಂದೀಗ ಹೋಗಿ ಹೇಳಿ ಬಾ. ಮುದಕರು ತಿಳಕೋತಾರ."

ನಾಳೆ ಹೇಳುತ್ತೇನೆ ಎಂದೆ. ನಾಳೆ ಎಂದವಳ ಮನೆ ಹಾಳು.

ಮುಂದಿನ ತಿಂಗಳು ಆ ಗುಂಗುರು ಕೂದಲಿನ ಹುಡುಗಿ ಒಬ್ಬಳೇ ಬಂದಳು, ಪ್ರತಿ ತಿಂಗಳೂ ಹತ್ತು ಜನ ಬಂದು ಕೆಲಸ ಮಾಡುತ್ತೇವೆ ಎನ್ನಲು. ಮಾಸ್ಟರ್‌ಮೊಶಾಯ್ ಅವಳನ್ನು ಕೂರಿಸಲಿಲ್ಲ. ಹೇಳಿದ ಮಾತು ಕೇಳದವರು ನಮಗೆ ಬೇಡ, ಗೂಡು ಕತ್ತರಿಸಿದ ಕೈಗೆ ನಾನು ಕೊಕ್ಕೆ ಕೊಡುವುದಿಲ್ಲ ಎಂದರು. ಅವಳು ನನ್ನ ಕಡೆ ನೋಡಿದಳು. ನಾನು ದುರ್ಬೀನಿನ ಗಾಜು ಒರೆಸುತ್ತಿದ್ದೆ. ಅವಳು ನನ್ನ ಹೆಸರು ಎತ್ತಲಿಲ್ಲ. ಸಾರಿ ಸರ್ ಎಂದು ಹೇಳಿ ಹೋದಳು. ಮತ್ತೆ ಬರಲಿಲ್ಲ.

ಮುಂದೆ ಎರಡು ಮಳೆಗಾಲ ನಾವಿಬ್ಬರೇ ಅಂತರಗಂಗೆ ಎಳೆದೆವು. ಎರಡು ಕೊಕ್ಕೆಗೆ ಅದು ಬಗ್ಗುವ ಕೆಲಸವಲ್ಲ. ನೀರು ಮೊದಲಿನಂತೆ ಕಪ್ಪಾಯಿತು. ಜೊಂಡು ಮತ್ತೆ ಬೆಳೆಯಿತು, ಆದರೆ ಹುಂಡುಕೋಳಿ ಬರಲಿಲ್ಲ. ಮೇಷ್ಟ್ರು ಅದನ್ನು ಕಾಯುತ್ತಾ ಕೂರುವಾಗ ಅವರ ಪಕ್ಕದಲ್ಲಿ ಕೂತು ಚಹಾ ಕುಡಿಯುವುದು ನನಗೆ ಮುಳ್ಳಿನ ಮೇಲೆ ಕೂತ ಹಾಗಾಗುತ್ತಿತ್ತು. ಆದರೂ ಹೋಗುತ್ತಿದ್ದೆ.

ನನಗೆ ಹೈದರಾಬಾದಿಗೆ ವರ್ಗವಾಯಿತು. ಹೊರಡುವ ಮುಂಚೆ ಪಾಡಾದವರು ಕ್ಲಬ್ಬಿನ ಕೋಣೆಯಲ್ಲಿ ನಮಗೆ ಸಂದೇಶ್ ಮಿಠಾಯಿ ತಿನ್ನಿಸಿದರು. ಮಾಸ್ಟರ್‌ಮೊಶಾಯ್ ಎದ್ದು ನಿಂತು ಮಾತಾಡಿದರು. ಹೊರಗಿನಿಂದ ಬಂದವರನ್ನು ಎಷ್ಟೋ ಕಂಡಿದ್ದೇನೆ, ನಾನು ಹೇಳಿದ್ದನ್ನು ಪೂರ್ತಿ ಅರ್ಥ ಮಾಡಿಕೊಂಡವರು ಇವರೊಬ್ಬರೇ, ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಯಜಮಾನರು ನೆಲ ನೋಡುತ್ತಿದ್ದರು. ಅಷ್ಟು ಹೊತ್ತಿಗೆ ನನಗೆ ಬಂಗಾಳಿ ನಿಜವಾಗಿಯೂ ಬರುತ್ತಿತ್ತು. ತಪ್ಪೊಪ್ಪಿಕೊಳ್ಳಲು ಬೇಕಾದ ಒಂದೊಂದು ಮಾತೂ ಗೊತ್ತಿತ್ತು. ನಾನು ಕೈ ಮುಗಿದು, ನಿಮ್ಮ ಆಶೀರ್ವಾದ ಎಂದೆ.