ಗ್ಲೆನಿಸ್ ಟ್ರಾಂಟರ್ ಎಡಗೈಯಲ್ಲಿ ಕಟ್ಟಿದ ಮನೆ

ವೆನ್‌ಲಾಕ್ ಬೇ ಊರಿನಲ್ಲಿ ಗ್ಲೆನಿಸ್ ಟ್ರಾಂಟರ್ ಬಣ್ಣ ಬಳಿಯದ ಬೀದಿಯಿಲ್ಲ. ಟಾಸ್ಮೇನಿಯಾ ದ್ವೀಪದ ಆ ಉತ್ತರ ಕರಾವಳಿಯ ಉಪ್ಪುಗಾಳಿ ಮರದ ಹಲಗೆಯ ಗೋಡೆಗಳನ್ನು ಸುಮ್ಮನೆ ಬಿಡುವುದಿಲ್ಲ. ಬಣ್ಣದವರಿಗೆ ಕೆಲಸಕ್ಕೆ ಬರವೂ ಇಲ್ಲ. ಆದರೆ ಅವಳು ಕಸುಬಿಗೆ ಇಳಿದ ಕಾಲದಲ್ಲಿ ಹೆಣ್ಣೊಬ್ಬಳು ಏಣಿ ಹತ್ತಿದರೆ ಪಬ್ಬಿನ ಗಂಡಸರು ಬಿಯರ್ ಗ್ಲಾಸು ಹಿಡಿದು ಹೊರಗೆ ಬಂದು ನಿಲ್ಲುತ್ತಿದ್ದರು.

"ಏನಮ್ಮಾ, ಉಳಿದಿದ್ದನ್ನ ಉಗುರಿಗೂ ಹಚ್ಕೋತೀಯಾ?"

"ನಿನ್ನ ಬೋಳುತಲೆಗೆ ಹೊಡೆದು ಉಳಿದ್ರೆ ನೋಡೋಣ. ಬಾ, ಏಣಿ ಕೆಳಗೆ ನಿಂತ್ಕೋ."

ಅವಳ ಅಪ್ಪನೂ ಬಣ್ಣದವನೇ. ಗಂಡುಮಗು ಹುಟ್ಟೇ ಹುಟ್ಟುತ್ತದೆಂಬ ಭರವಸೆಯಲ್ಲಿ ಆತ ತನ್ನ ವ್ಯಾನಿನ ಮೇಲೆ 'ಟ್ರಾಂಟರ್ ಮತ್ತು ಮಗ' ಎಂದು ಬರೆಸಿಬಿಟ್ಟಿದ್ದ. ಹುಟ್ಟಿದ್ದು ಇಬ್ಬರು ಹೆಣ್ಣುಮಕ್ಕಳು. ಅಪ್ಪ ತೀರಿಕೊಂಡ ಮೇಲೆ ಯಾವ ಗುತ್ತಿಗೆದಾರನೂ ಗ್ಲೆನಿಸಳನ್ನು ಸೇರಿಸಿಕೊಳ್ಳದಿದ್ದಾಗ, ಅವಳು ಆ ವ್ಯಾನನ್ನೇ ಹೊರಗೆ ತೆಗೆದು, 'ಮಗ' ಎಂಬುದನ್ನು ಅಳಿಸಿ, ಅದಕ್ಕಿಂತ ದೊಡ್ಡ ಅಕ್ಷರದಲ್ಲಿ 'ಮಗಳು' ಎಂದು ಬರೆದಳು. ಕಿಟಕಿಯ ಚೌಕಟ್ಟಿಗೂ ಗಾಜಿಗೂ ನಡುವೆ ಬಣ್ಣ ಹರಡದಂತೆ ತಡೆಯುವ ಟೇಪು ಅಂಟಿಸದೆ, ಬರಿಗೈಯಲ್ಲಿ ಕೂದಲೆಳೆಯಷ್ಟೂ ವಾಲದೆ ನೇರವಾಗಿ ಗೆರೆ ಎಳೆಯುತ್ತಾಳೆಂದು ಕ್ರಮೇಣ ಹೆಸರಾಯಿತು. ಪಬ್ಬಿನವನೇ ಕರೆದು ಪಬ್ಬಿಗೆ ಬಣ್ಣ ಹೊಡೆಸಿದ.

ಏಣಿಯಿಂದ ಒಮ್ಮೆಯೂ ಬೀಳದವಳು ಅಡುಗೆಮನೆಯ ಕುರ್ಚಿಯಿಂದ ಬಿದ್ದಳು. ಕೈಯಲ್ಲಿದ್ದ ಚಹಾ ಕಪ್ಪು ಓರೆಯಾಯಿತು. ಎದುರಿಗೆ ಕೂತಿದ್ದ ತಂಗಿ ನೋಲೀನ್, "ಏಯ್, ಚೆಲ್ತಿದ್ದೀಯಲ್ಲೇ" ಎನ್ನುವಷ್ಟರಲ್ಲಿ ಗ್ಲೆನಿಸ್ ನೆಲದ ಮೇಲಿದ್ದಳು. ಲಕ್ವ ಹೊಡೆದಿತ್ತು. ಆಸ್ಪತ್ರೆಯಿಂದ ಮನೆಗೆ ಬರುವಾಗ ಮಾತು ಮರಳಿತ್ತು; ಕಾಲು ಕೋಲೂರಿ ನಡೆಯುತ್ತಿತ್ತು. ಬಲಗೈ ಮಾತ್ರ ಗೂಟಕ್ಕೆ ನೇತುಹಾಕಿದ ಒದ್ದೆ ಕೋಟಿನ ತೋಳಿನಂತೆ ಜೋತುಬಿದ್ದಿತ್ತು. ಬ್ರಷ್ ಹಿಡಿಯುತ್ತಿದ್ದ ಕೈ ಅದು.

ಗಂಡ ಬಿಟ್ಟುಹೋದ ಮೇಲೆ ಅಕ್ಕನ ಮನೆ ಸೇರಿದ್ದ ನೋಲೀನ್ ಬೇಕರಿಯ ಕೆಲಸ ಬಿಟ್ಟು ಅವಳ ಆರೈಕೆಗೆ ನಿಂತಳು. ಗುರುವಾರಗಳಂದು ಊರಿನ ಸಮುದಾಯ ಭವನದಲ್ಲಿ ಇಂಥ ಕಾಯಿಲೆಯಿಂದ ಎದ್ದವರ ಕೂಟ ನಡೆಯುತ್ತಿತ್ತು, ಅಲ್ಲಿಗೂ ಕರೆದೊಯ್ಯುತ್ತಿದ್ದಳು. ಕೂಟ ನಡೆಸುವ ಟ್ಯಾಮ್ಸಿನ್ ಒಳ್ಳೆಯ ಹುಡುಗಿ. ಎಲ್ಲರೊಡನೆ ಶಿಶುವಿಹಾರದ ದನಿಯಲ್ಲಿ ಮಾತಾಡುತ್ತಿದ್ದಳೆಂಬುದು ಬಿಟ್ಟರೆ ಅವಳ ಮೇಲೆ ದೂರಿಲ್ಲ. ಒಂದು ಗುರುವಾರ ಅವಳು ಗ್ಲೆನಿಸಳ ಮುಂದೆ ರಟ್ಟಿನ ಮನೆಯೊಂದನ್ನಿಟ್ಟು, ಹೂವಿನ ಸ್ಟಿಕ್ಕರುಗಳ ಹಾಳೆ ಕೊಟ್ಟಳು.

"ಎಲ್ಲಿ ಬೇಕೋ ಅಲ್ಲಿ ಅಂಟಿಸಿ ಗ್ಲೆನಿಸ್. ಹೇಗಿದ್ರೂ ಚೆನ್ನಾಗೇ ಕಾಣ್ಸುತ್ತೆ."

"ಹೇಗಿದ್ರೂ ಚೆನ್ನಾಗಿ ಕಾಣೋದಾದ್ರೆ ನಾನ್ಯಾಕೆ ಅಂಟಿಸ್ಬೇಕು?" ಗ್ಲೆನಿಸ್ ಹಾಳೆಯನ್ನು ಹಿಂದಕ್ಕೆ ತಳ್ಳಿದಳು. ಕೋಲಿನ ತುದಿಯಿಂದ ಕಪಾಟಿನ ಮೇಲಿದ್ದ ಪೆಟ್ಟಿಗೆಯನ್ನು ತೋರಿಸಿದಳು. ಅದರ ಮೇಲೆ ಜಗಲಿಯಿರುವ ಎರಡಂತಸ್ತಿನ ಪುಟ್ಟ ಮರದ ಮನೆಯ ಚಿತ್ರವಿತ್ತು. "ಅದೇನು?"

"ಅದು ಯಾರೋ ಕೊಟ್ಟುಹೋದ ಕಿಟ್. ಎಲ್ಲಾ ಬಿಡಿಬಿಡಿ ಚೂರುಗಳು. ನಾವೇ ಜೋಡಿಸಿ, ನಾವೇ ಬಣ್ಣ ಹಾಕ್ಬೇಕು. ಅದೆಲ್ಲ ಎರಡು ಕೈ ಇದ್ದೋರಿಗೇ..." ಟ್ಯಾಮ್ಸಿನ್ ತುಟಿ ಕಚ್ಚಿಕೊಂಡಳು.

"ಹೇಳು, ಹೇಳು. ಎರಡು ಕೈ ಇದ್ದೋರಿಗೇ?"

"ಕಷ್ಟ ಅಂತ. ಚಾಕು ಬೇರೆ ಬೇಕು. ನಿಮಗೇನಾದ್ರೂ ಆದ್ರೆ ನಾನು ಉತ್ತರ ಕೊಡ್ಬೇಕಾಗುತ್ತೆ."

"ನೀನು ಕೊಡ್ಬೇಡ, ನಾನೇ ಕೊಡ್ತೀನಿ. ಬಾಯಿ ಸರಿಯಾಗೇ ಇದೆ. ಇಳ್ಸು ಅದನ್ನ."

ಪೆಟ್ಟಿಗೆ ಮನೆಗೆ ಬಂತು. ಒಳಗೆ ತೆಳುವಾದ ಪ್ಲೈವುಡ್ ಹಾಳೆಗಳು; ಒಂದೊಂದರಲ್ಲೂ ಗೋಡೆ, ಬಾಗಿಲು, ಮೆಟ್ಟಿಲು, ಕಂಬಗಳ ಆಕಾರ ಕೊರೆದಿತ್ತು. ಅವನ್ನು ಹುಷಾರಾಗಿ ಒತ್ತಿ ಬಿಡಿಸಬೇಕು. ಗ್ಲೆನಿಸ್ ಒತ್ತಿದ ಮೊದಲ ಕಿಟಕಿ ಲಟಕ್ಕನೆ ಮುರಿಯಿತು. ಎರಡನೆಯದೂ ಮುರಿಯಿತು. ಹಾಳೆ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಡಲು ಬಂದ ನೋಲೀನಳಿಗೆ "ಮುಟ್ಬೇಡ" ಎಂದು ಗದರಿದಳು. ತಾನೇ ಕೋಲೂರಿ ಬಗ್ಗಿ ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಒಲೆಯ ಮೇಲಿನ ಆಲೂಗಡ್ಡೆ ಬೆಂದು ಕರಗಿತ್ತು.

ಮರುದಿನ ಅವಳು ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ಹಾಳೆಯ ಮೇಲಿಟ್ಟಳು. ಹಾಳೆ ಅಲುಗಾಡಲಿಲ್ಲ.

"ಸೋಮಾರಿ," ಎಂದಳು ಕೈಗೆ. "ಎರಡು ವರ್ಷದಿಂದ ಬಿಟ್ಟಿ ಊಟ ಹೊಡೀತಿದ್ದೀಯ. ಭಾರಕ್ಕಾದ್ರೂ ಬಾ."

ಅಂದಿನಿಂದ ಆ ಕೈಗೂ ಕೆಲಸ ಸಿಕ್ಕಿತು. ಅಂಟು ಒಣಗುವ ತನಕ ಗೋಡೆಯನ್ನು ಅದುಮಿ ಹಿಡಿಯುವುದು ಅದರ ಪಾಲು. ಸಣ್ಣ ಚೂರುಗಳನ್ನು ಅವಳು ಹಲ್ಲಿನಲ್ಲಿ ಕಚ್ಚಿಕೊಂಡು ಅಂಟು ಸವರಿದಳು. ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನೆಲ್ಲ ಎತ್ತಿಕೊಂಡಳು. ನೋಲೀನ್ ಒಗೆದ ಬಟ್ಟೆಗಳು ಗಾಳಿಗೆ ಹಾರಿ ಪಕ್ಕದ ಮನೆಯ ಬೇಲಿ ಸೇರಿದವು. ಚಾವಣಿ ಕೂರುವಷ್ಟರಲ್ಲಿ ಚಳಿಗಾಲ ಮುಗಿಯಿತು.

ಪೆಟ್ಟಿಗೆಯ ಚಿತ್ರದಲ್ಲಿ ಮನೆಗೆ ತೆಳುಗುಲಾಬಿ ಬಣ್ಣವಿತ್ತು. "ಇದು ಮನೆಯೋ ಕೇಕೋ?" ಎಂದು ಗ್ಲೆನಿಸ್ ಆ ಮುಚ್ಚಳವನ್ನು ಒಲೆಗೆ ಹಾಕಿದಳು. ಮೊದಲು ಮರಳುಕಾಗದದಿಂದ ಉಜ್ಜಿ, ಪ್ರೈಮರಿನ ತಳಬಣ್ಣ ಬಳಿದು, ಅದು ಒಣಗಿದ ಮೇಲೆ ಮತ್ತೆ ಉಜ್ಜಿದಳು. ಗೋಡೆಗೆ ಸಾಸಿವೆ ಹಳದಿ, ಚಾವಣಿಗೆ ಮಾಸಿದ ಕೆಂಪು, ಕಿಟಕಿಗಳಿಗೆ ಕಡುಹಸಿರು. ಹಳದಿ ಕೆಂಪುಗಳು ಸೊಗಸಾಗಿ ಕೂತವು. ತಕರಾರು ಬಂದದ್ದು ಕಿಟಕಿಯ ಅಂಚಿನಲ್ಲಿ. ಎಡಗೈ ನಡುಗಿ, ಹಸಿರು ಹಳದಿಯ ಮೇಲೆ ಅಂಕುಡೊಂಕಾಗಿ ಹರಿಯಿತು.

"ಟೇಪ್ ಅಂಟಿಸ್ಕೋಬಾರ್ದಾ ಗ್ಲೆನ್?" ನೋಲೀನ್ ಕೇಳಿದಳು.

"ಟೇಪ್ ಅಂಟಿಸೋದಾದ್ರೆ ಅಂಗಡಿಯಿಂದ ಸಿದ್ಧ ಮನೇನೇ ತರ್ಬಹುದಿತ್ತು."

ಒರೆಸಿದಳು, ಹಚ್ಚಿದಳು, ಒರೆಸಿದಳು. ಜಗಲಿಯ ಕಂಬಗಳಲ್ಲಿ ಎರಡು ವಾಲಿಕೊಂಡೇ ನಿಂತವು. ಕೊನೆಗೆ, ಇದು ನನ್ನ ಕೈಯ ಗೆರೆ, ಸದ್ಯಕ್ಕೆ ಹೀಗೇ ಬರುತ್ತದೆ, ಇರಲಿ ಎಂದು ಬ್ರಷ್ ತೊಳೆದಿಟ್ಟಳು.

ಆ ವಾರ ಫಿಸಿಯೊಥೆರಪಿ ಮುಗಿಸಿ ಮನೆಗೆ ಬಂದವಳು ಕೋಟು ಕೂಡ ಬಿಚ್ಚದೆ ಮೇಜಿನ ಮುಂದೆ ನಿಂತುಬಿಟ್ಟಳು.

"ಇದನ್ನ ಮುಟ್ಟಿದ್ದು ಯಾರು?"

"ಯಾವುದನ್ನ?" ನೋಲೀನ್ ಸಿಂಕಿನ ಕಡೆ ತಿರುಗಿಕೊಂಡಳು.

"ನೋಲ್."

"ಕಂಬ ಎರಡು ವಾಲಿದ್ವು, ನೆಟ್ಟಗೆ ಮಾಡ್ದೆ. ಕಿಟಕಿ ಅಂಚು ಒಂಚೂರು ತಿದ್ದಿದೆ. ಅಷ್ಟೆ. ನಿಂಗೆ ಗೊತ್ತಾಗಲ್ಲ ಅಂದ್ಕೊಂಡೆ."

ಗ್ಲೆನಿಸ್ ಚಾಕು ತೆಗೆದುಕೊಂಡಳು. ಎಡಗೈಯಿಂದ ಕಂಬಗಳನ್ನು ಒಂದೊಂದಾಗಿ ಬುಡದಲ್ಲೇ ಕೊಯ್ದಳು. ಜಗಲಿಯ ಮಾಡು ಕುಸಿದುಬಿತ್ತು.

ನೋಲೀನ್ ಕೈಯಲ್ಲಿದ್ದ ಬಟ್ಟೆಯನ್ನು ಸಿಂಕಿಗೆ ಎಸೆದಳು. "ನಾನೇನು ಕಳ್ಳತನ ಮಾಡಿದ್ನಾ? ಎರಡು ವರ್ಷದಿಂದ ನಿನ್ನ ಗುಂಡಿ ಹಾಕ್ತೀನಿ, ಶೂ ಲೇಸ್ ಕಟ್ತೀನಿ. ಒಂದೊಂದು ಗುಂಡಿಗೂ ಒಂದೊಂದು ಬೈಗುಳ ತಿಂದಿದ್ದೀನಿ. ನಿನ್ನ ಕೈ ಸರಿಮಾಡೋಕೆ ನನ್ನಿಂದ ಆಗಲ್ಲ ಗ್ಲೆನ್. ಆ ದರಿದ್ರ ಕಂಬ ಸರಿಮಾಡೋಕೆ ಆಗ್ತಿತ್ತು. ಮಾಡ್ದೆ!"

ಗ್ಲೆನಿಸ್ ಕುರ್ಚಿ ಎಳೆದುಕೊಂಡು ಕೂತಳು.

"ನೋಡು," ಎಂದಳು. "ನನ್ನ ತಲೆ ಬಾಚಿದ್ದು ನೀನು. ಈ ಶರ್ಟು ತೊಡಿಸಿದ್ದು ನೀನು. ನನ್ನ ಮೈಮೇಲಿರೋದೆಲ್ಲ ಬೇರೆಯವ್ರು ಮಾಡಿದ್ದೇ. ಇದೊಂದು ನಂದು. ಸೊಟ್ಟಗಿದ್ರೆ ನಂದು, ನೆಟ್ಟಗಾದ್ರೆ ನಿಂದಾಗೋಗುತ್ತೆ."

"ಹಾಗಂತ ಮೊದ್ಲೇ ಹೇಳೋಕೇನಾಗಿತ್ತು?"

"ನಂಗೇ ಗೊತ್ತಿರ್ಲಿಲ್ಲ. ಈಗ ಕೊಯ್ತಾ ಕೊಯ್ತಾ ಗೊತ್ತಾಯ್ತು."

ಕ್ಷಮೆ ಕೇಳುವ ಅಭ್ಯಾಸ ಟ್ರಾಂಟರ್ ಮನೆತನದಲ್ಲಿರಲಿಲ್ಲ. ನೋಲೀನ್ ನೀರು ಕಾಯಿಸಲಿಟ್ಟಳು. ಗ್ಲೆನಿಸ್ ಬಿದ್ದ ಕಂಬಗಳನ್ನು ಆರಿಸಿಕೊಂಡು ಜಗಲಿಯನ್ನು ಮತ್ತೆ ಮೊದಲಿನಿಂದ ಕಟ್ಟಲು ಕೂತಳು. ತಂಗಿ ತಿದ್ದಿದ್ದ ಕಿಟಕಿ ಅಂಚನ್ನೂ ಕೆರೆದು ತಾನೇ ಮತ್ತೆ ಎಳೆದಳು. ಈ ಸಲ ಮೂರು ಕಂಬ ವಾಲಿದವು.

ವಸಂತದಲ್ಲಿ ಊರಿನ ಕೃಷಿ ಮೇಳ. ಕುರಿ, ಕುದುರೆ, ಮರ ಕಡಿಯುವ ಪಂದ್ಯಗಳ ನಡುವೆ ಕರಕುಶಲ ವಸ್ತುಗಳಿಗೊಂದು ದೊಡ್ಡ ಶೆಡ್ಡು. ಅಲ್ಲಿ ಸ್ಪರ್ಧೆಯ ವಸ್ತುಗಳನ್ನು ತೆಗೆದುಕೊಳ್ಳುತ್ತಿದ್ದವಳು ಹೆದರ್ ಲಾಫ್ಟಸ್, ಗ್ಲೆನಿಸಳೊಡನೆ ಶಾಲೆಗೆ ಹೋದವಳು. ಅವಳು ಮನೆಯನ್ನು ನೋಡಿದಳು, ಕೋಲನ್ನು ನೋಡಿದಳು, ಜೋತುಬಿದ್ದ ಕೈಯನ್ನು ನೋಡಿದಳು. ಏನೂ ಕೇಳದೆ 'ಅಂಗವಿಕಲರ ವಿಭಾಗ' ಎಂಬ ಚೀಟಿಯನ್ನು ಮನೆಯ ಚಾವಣಿಗೆ ಅಂಟಿಸಿದಳು.

"ತೆಗಿ ಅದನ್ನ," ಎಂದಳು ಗ್ಲೆನಿಸ್.

"ಅಲ್ಲಿ ಇರೋದೇ ಇಬ್ರು ಕಣೇ. ಬಹುಮಾನದ ರಿಬ್ಬನ್ ಗ್ಯಾರಂಟಿ."

"ಅಲ್ಲಿ ಇಡೋರು ಇಡ್ಲಿ, ಅವ್ರಿಷ್ಟ. ನೀನು ನನ್ನ ಕೇಳಿದ್ಯಾ?"

"ಮುಕ್ತ ವಿಭಾಗದಲ್ಲಿ ಲಾನ್ಸೆಸ್ಟನ್ ಪಟ್ಟಣದಿಂದೆಲ್ಲ ಬರ್ತಾರೆ ಗ್ಲೆನಿಸ್. ತೀರ್ಪು ಕೊಡೋನಿಗೆ ನೀನ್ಯಾರು ಅಂತ ಗೊತ್ತಿರಲ್ಲ. ಭೂತಗನ್ನಡಿ ಇಟ್ಕೊಂಡು ಅಂಚು ನೋಡ್ತಾನೆ. ನಿಂದು..."

"ಸೊಟ್ಟ ಇದೆ. ನಾನೇ ಎಳೆದಿದ್ದು, ನಂಗೊತ್ತಿಲ್ವಾ? ನೋಡ್ಲಿ. ಭೂತಗನ್ನಡಿ ಸಾಲ್ದಿದ್ರೆ ನನ್ನ ಕನ್ನಡಕಾನೂ ಕೊಡ್ತೀನಿ."

ಹಿಂದೆ ಸಾಲು ಬೆಳೆಯಿತು. ಜಾಮ್ ಬಾಟಲಿಗಳನ್ನು ಹಿಡಿದು ನಿಂತವರೊಬ್ಬರು ಕೆಮ್ಮಿದರು. ಗ್ಲೆನಿಸ್ ಜಾಗ ಬಿಟ್ಟು ಕದಲಲಿಲ್ಲ. ಹೆದರ್ ಉಗುರಿನಿಂದ ಚೀಟಿ ಕಿತ್ತಳು. ಜೊತೆಗೆ ಎಳ್ಳಷ್ಟು ಕೆಂಪು ಬಣ್ಣವೂ ಎದ್ದುಬಂತು.

"ಇನ್ನೊಂದು ಚೀಟಿ ಅಂಟಿಸಿದ್ಯೋ, ನಿನ್ನ ಮನೆಗೆ ನಾನೇ ಬಂದು ಬಣ್ಣ ಹೊಡೀತೀನಿ, ಗುಲಾಬಿ," ಎಂದಳು ಗ್ಲೆನಿಸ್.

ಫಲಿತಾಂಶದ ದಿನ ಅಕ್ಕತಂಗಿಯರಿಬ್ಬರೂ ಶೆಡ್ಡಿಗೆ ಹೋದರು. ರಿಬ್ಬನ್ನುಗಳು ಬೇರೆ ಮನೆಗಳ ಮೇಲಿದ್ದವು. ಮೊದಲ ಬಹುಮಾನದ ಮನೆಯ ಮುಂದೆ ಗ್ಲೆನಿಸ್ ಬಹಳ ಹೊತ್ತು ಬಗ್ಗಿ ನಿಂತು, "ಚೆನ್ನಾಗಿದೆ, ಹಾಳಾದ್ದು" ಎಂದಳು. ಹಳದಿ ಮನೆ ಕೊನೆಯ ಮೇಜಿನಲ್ಲಿತ್ತು. ಮುಂದೆ ತೀರ್ಪುಗಾರನ ಕಾರ್ಡು. ನೋಲೀನ್ ಮೊದಲು ಓದಿ, ಅದನ್ನು ಮಗುಚಿ ಇಡಲು ಹೋದಳು.

"ಕೊಡಿಲ್ಲಿ."

'ಬಣ್ಣಗಳ ಆಯ್ಕೆ ಬಹಳ ಚೆನ್ನಾಗಿದೆ. ಪ್ರೈಮರ್ ಕೆಲಸ ಅಚ್ಚುಕಟ್ಟು. ಕಿಟಕಿಯ ಅಂಚುಗಳು ಕಳಪೆ. ಜಗಲಿಯ ಕಂಬಗಳಿಗೆ ಇನ್ನಷ್ಟು ಗಮನ ಬೇಕಿತ್ತು.'

ಗ್ಲೆನಿಸ್ ಎರಡು ಸಲ ಓದಿದಳು. ನೋಲೀನ್ ಅವಳ ಮುಖವನ್ನೇ ನೋಡುತ್ತಿದ್ದಳು. ಆ ಮುಖ ನಿಧಾನವಾಗಿ ಅರಳಿತು.

"ಕಳಪೆ!" ಎಂದಳು ಗ್ಲೆನಿಸ್, ಇಡೀ ಶೆಡ್ಡಿಗೆ ಕೇಳುವಂತೆ. "ಕಳಪೆ ಅಂತೆ ನೋಲ್! ಆಸ್ಪತ್ರೆಯಿಂದ ಬಂದಾಗಿಂದ ಚಮಚ ಎತ್ತಿದ್ರೂ ಜನ ಚಪ್ಪಾಳೆ ತಟ್ಟಿದ್ದಾರೆ. ಕಳಪೆ ಅಂತ ಅಂದೋನು ಇವ್ನೊಬ್ಬನೇ."

"ಅದಕ್ಕೆ ಇಷ್ಟು ಖುಷಿನಾ?"

"ಪೇಂಟರ್‌ಗೆ ಮಾತ್ರ ಹಾಗನ್ನೋದು ಕಣೇ. ರೋಗಿಗಲ್ಲ."

ಹೊರಗೆ ಬೆಂಚಿನ ಮೇಲೆ ಕೂತು ಚಿಪ್ಪುಮೀನು ತುಂಬಿದ ಸ್ಕ್ಯಾಲಪ್ ಪೈ ತಿಂದರು. ಬಿಸಿ ಮಸಾಲೆ ಗ್ಲೆನಿಸಳ ಗಲ್ಲದ ಮೇಲೆ ಇಳಿಯಿತು. ನೋಲೀನ್ ಕರವಸ್ತ್ರ ಚಾಚಿದಳು, ಗ್ಲೆನಿಸ್ ಬೈಯದೆ ಒರೆಸಿಸಿಕೊಂಡಳು.

ಮನೆಗೆ ಬಂದವಳೇ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪತ್ರಿಕೆ ಹರಡಿದಳು. ಬಲಗೈಯನ್ನು ಎತ್ತಿ ಪುಟ್ಟ ಮನೆಯ ಚಾವಣಿಯ ಮೇಲಿಟ್ಟು, ಚಾಕುವಿನ ಮೊಂಡುಬದಿಯಿಂದ ಮೊದಲ ಕಿಟಕಿಯ ಹಸಿರನ್ನು ಕೆರೆಯತೊಡಗಿದಳು.

"ಇವತ್ತೇ ಶುರು ಮಾಡ್ಬೇಕಾ? ರಾತ್ರಿ ಊಟಕ್ಕೆ ಎಲ್ಲಿ ಕೂರೋದು?"

"ತೊಡೆ ಮೇಲಿಟ್ಕೊಂಡು ತಿನ್ನೋಣ," ಎಂದಳು ಗ್ಲೆನಿಸ್, ತಲೆ ಎತ್ತದೆ.