ಡಬ್ಬಿಯೊಳಗಿನ ಬೂದಿ

ಸಿಂಧನೂರಿನ ನಮ್ಮ ಮನೆಯ ಹಿಂದೆಯೇ ಅಕ್ಕಿ ಗಿರಣಿ. ಭತ್ತ ಕುದಿಸಲು ಅವರು ಹೊಟ್ಟು ಉರಿಸಿದರೆ ಕರಿ ಬೂದಿ ಬಂದು ಬೀಳುವುದು ನಮ್ಮ ಮಾಳಿಗೆಯ ಮೇಲೆ. ಅವ್ವ ಒಣಹಾಕಿದ ಸಂಡಿಗೆಯೆಲ್ಲ ಕಪ್ಪಾದವು. ಆಮೇಲೆ ಅವ್ವನಿಗೇ ಕೆಮ್ಮು ಹಿಡಿಯಿತು. ಹೇಳಲು ಹೋದರೆ ಗಿರಣಿ ಸಾವ್ಕಾರ ಹಲ್ಲು ಕಿರಿದ: “ಲಾರಿಗಟ್ಟಲೆ ಹೊಟ್ಟು ಸುಟ್ರೂ ನಾಕು ಬುಟ್ಟಿ ಬೂದಿ ಬರಂಗಿಲ್ರಿ ಅಕ್ಕೋರ. ಸುಟ್ಟಿದ್ದು ಸುಟ್ಟು ಹೋತು. ಎಲ್ಲೈತ್ರಿ ಅದು?”

ಮೈ ಉರಿದುಹೋಯಿತು. ನಾನು ದಿನಾ ಬಸ್ಸು ಹತ್ತಿ ಮಸ್ಕಿಯ ಹೈಸ್ಕೂಲಿಗೆ ಹೋಗಿ ವಿಜ್ಞಾನ ಕಲಿಸುವವಳು. ಏನೇ ಸುಡಲಿ, ಧಾತುಗಳು ಕೂಡಲಿ, ಬೇರೆಯಾಗಲಿ, ಒಟ್ಟು ತೂಕ ಎಳ್ಳಷ್ಟೂ ಕಳೆಯುವುದಿಲ್ಲ ಎಂಬ ನಿಯಮವನ್ನು ವರ್ಷಾ ವರ್ಷಾ ಬೋರ್ಡಿನ ಮೇಲೆ ಬರೆದವಳು. ನನಗೇ ಈ ಮಾತು! ಅಂದಿನಿಂದ ಮಾಳಿಗೆ ಗುಡಿಸಿದಾಗಲೆಲ್ಲ ಬೂದಿಯನ್ನು ಸ್ಟೀಲಿನ ಡಬ್ಬಿಗೆ ತುಂಬತೊಡಗಿದೆ.

ಈ ಬೇಸಿಗೆಯಲ್ಲಿ ಸಾವ್ಕಾರನ ಹೊಸ ಮನೆಯ ವಾಸ್ತುಶಾಂತಿ. ಓಣಿಯವರೆಂದು ನಮ್ಮನ್ನೂ ಕರೆದಿದ್ದ. ನಮ್ಮ ಕಡೆ ಆಯೇರು ಕೊಟ್ಟವರ ಹೆಸರನ್ನೂ ಅವರು ಕೊಟ್ಟ ಉಡುಗೊರೆಯನ್ನೂ ಮೈಕಿನಲ್ಲಿ ಕೂಗಿ ಹೇಳುತ್ತಾರೆ. ಆಯೇರೆಂದು ನಾನು ತಂದಿದ್ದ ಆ ಡಬ್ಬಿ ನೋಡಿ ಮೈಕಿನವನು ಒಳಗೇನಿದೆ ಎಂದು ಕೇಳಿದ. ಮೈಕನ್ನೇ ಇಸಕೊಂಡೆ. ಬಿಳಿ ಅಂಗಿ ತೊಟ್ಟು ಕೂತಿದ್ದ ಸಾವ್ಕಾರನ ಮುಂದೆ ಮುಚ್ಚಳ ತೆಗೆದೆ. ಫ್ಯಾನಿನ ಗಾಳಿಗೆ ಬೂದಿ ಎದ್ದು ಅವನ ಮೀಸೆಯ ತನಕ ಹತ್ತಿತು.

“ಎಲ್ಲೈತಿ ಅಂತ ಕೇಳಿದ್ರಲ್ಲ ಸಾವ್ಕಾರ್ರ, ತಂದೀನಿ, ನೋಡ್ರಿ. ತೂಕ ಕಡಿಮಿ ಬಿದ್ರ ಸಿಟ್ಟಾಗಬ್ಯಾಡ್ರಿ. ಉಳಿದದ್ದು ನಮ್ಮವ್ವನ ಎದಿಯೊಳಗೈತಿ.”